ಮೊದಲು ನೀರಿನ ನಲ್ಲಿ

ಶಿರಾ ಗೇಟ್, ತುಮಕೂರು
೧೬ ಜೂನ್ ೧೯೬೩

ಪ್ರಿಯ ಜಯರಾಮ,

ಗುಬ್ಬಿಯಿಂದ ನೀನು ಕಳಿಸಿದ ನಿನ್ನ ಹಳೆಯ ವಿದ್ಯಾರ್ಥಿ ಬೆಟ್ಟಯ್ಯ ನಮ್ಮಲ್ಲಿ ಸೇರಿ ಹದಿನೈದು ದಿನವಾಯಿತು. ಸರ್ಕಾರದ ಹೊಸ ಕಾಯಿದೆಯ ದಯದಿಂದ ನಮ್ಮ ಹಿಮಬಿಂದು ಸೋಡಾ ಷರಬತ್ತು ಕಾರ್ಖಾನೆಗೆ ಈ ವರ್ಷ ಐದು ಜನ ಅಪ್ರೆಂಟಿಸುಗಳು. ಐವರಿಗೂ ಇನ್‌ಸ್ಟ್ರಕ್ಟರ್ ಯಾರು ಗೊತ್ತೆ? ಕನ್ನಡದಲ್ಲಿ ಬಿ.ಎ. ಮಾಡಿ ಹತ್ತೊಂಬತ್ತು ವರ್ಷ ಸ್ಟೋರಿನಲ್ಲಿ ಬಾಟ್ಲಿ ಎಣಿಸಿದ ನಿನ್ನ ಈ ಗೆಳೆಯ. ಮ್ಯಾನೇಜರ್ ಸದಾಶಿವಯ್ಯನವರು, ನಿಮಗೆ ಮಾತು ಬರ್ತದಲ್ಲ, ನೀವೇ ಕಲಿಸಿ ಎಂದರು. ಮಿಷನ್ನು ಬರುತ್ತದೋ ಎಂದು ಅವರು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ. ಅದನ್ನು ನನಗೆ ಕಲಿಸುತ್ತಿರುವವನು ಮೇಸ್ತ್ರಿ ಚಿಕ್ಕಹನುಮಯ್ಯ. ಅವನಿಗೆ ಕೈ ಆಡುತ್ತದೆ, ಬಾಯಿ ಆಡುವುದಿಲ್ಲ, ನನ್ನದು ತದ್ವಿರುದ್ಧ. ಇಬ್ಬರೂ ಸೇರಿ ಹೇಗೋ ಒಬ್ಬ ಮೇಷ್ಟ್ರಾಗಿದ್ದೇವೆ.

ಬೆಂಗಳೂರಿನಿಂದ ಬಂದ ಪಾಠದ ಪುಸ್ತಕ ಇಂಗ್ಲಿಷಿನದು. ಕನ್ನಡ ಮಾಡಿ ಓದಿದರೆ ಕದರಯ್ಯ ಎಂಬ ಹುಡುಗ ನನ್ನೆದುರೇ ಆಕಳಿಸಿದ. ಅವನ ಆಕಳಿಕೆಗೆ ನನ್ನ ಉತ್ತರ ಪದ್ಯ. ಈಗ ಐವರೂ ಹಾಡಿಕೊಂಡೇ ಕೆಲಸ ಮಾಡುತ್ತಾರೆ:

ಬಾಟ್ಲಿ ತೊಳೆ, ಬೆಳಕಿಗೆ ಹಿಡಿ,
ಕೊಳೆ ಕಂಡರೆ ಪಕ್ಕಕ್ಕೆ ಇಡಿ;
ಅಳತೆಯ ಪಾಕ ತಳಕ್ಕೆ ಬಿಡು,
ಗುಳ್ಳೆಯ ನೀರನು ಮೇಲೆ ಕೊಡು.

ತುಂಬಿದ ಬಾಟ್ಲಿಗಳನ್ನು ಆರಿಸುವ ಹೊಂಬಾಳಮ್ಮ ಮಾತ್ರ, ಇದೇನು ಕಾರ್ಖಾನೆಯೋ ಭಜನೆ ಮನೆಯೋ ಎನ್ನುತ್ತಾಳೆ. ಮಿಷನ್ ನಿಲ್ಲಿಸುವ ಪದ್ಯ ಮೂರು ದಿನ ಸತಾಯಿಸಿ ಈ ವಾರ ಒಲಿಯಿತು. ಓದಿ ಹೊಟ್ಟೆ ಉರಿದುಕೋ:

ಗಂಟೆ ಹೊಡೆದರೆ ಸಾಲು ನಿಲ್ಲಲಿ,
ಮೊದಲು ಮುಚ್ಚು ನೀರಿನ ನಲ್ಲಿ;
ಆಮೇಲೆ ಗ್ಯಾಸಿನ ಕೀಲಿ,
ಕಡೆಗೆ ಪೀಪಾಯಿ ಖಾಲಿ.

ಇದನ್ನು ಹೇಳಿಕೊಟ್ಟು, ಮಿಷನ್ ಮುಂದೆ ನಿಂತು ನಿಲ್ಲಿಸಿ ತೋರಿಸಿದ ದಿನ ನಿನ್ನ ಬೆಟ್ಟಯ್ಯ ಅಕ್ಕನ ಸೀಮಂತಕ್ಕೆ ಊರಿಗೆ ಹೋಗಿದ್ದ. ಬಂದವನೇ ಕದರಯ್ಯನ ಪುಸ್ತಕ ನೋಡಿ ಬರೆದುಕೊಂಡು, ಮಧ್ಯಾಹ್ನದೊಳಗೆ ಒಂದಕ್ಷರ ತಪ್ಪದೆ ಒಪ್ಪಿಸಿದ. ಇಂಥವನನ್ನು ಕಳಿಸಿದ್ದಕ್ಕೆ ನಿನಗೊಂದು ಡಜನ್ ನಿಂಬೆ ಷರಬತ್ತು ಕೊಡಬೇಕು. ಬಂದು ಕುಡಿ, ಕುಡಿದು ನಡಿ.

ನಿನ್ನ,
ಯೋಗನರಸಿಂಹ

*

ಮಾಧ್ಯಮಿಕ ಶಾಲೆ, ಗುಬ್ಬಿ
೨೫ ಜೂನ್ ೧೯೬೩

ಪ್ರಿಯ ಯೋಗ,

ಪದ್ಯ ಸಿಕ್ಕಿತು, ಷರಬತ್ತು ಸಿಗಲಿಲ್ಲ. ನಿಲ್ಲಲಿಗೆ ನಲ್ಲಿ ಬಹಳ ಸೊಗಸಾಗಿ ಕೂತಿದೆ ಕಣಯ್ಯ. ಏಳನೇ ಕ್ಲಾಸಿನ ಹುಡುಗರಿಗೆ ಓದಿ ಹೇಳಿದೆ. ಸೋಡಾ ಮಿಷನ್ನನ್ನೇ ನೋಡದವರೂ ಹಾಡುತ್ತಿದ್ದಾರೆ.

ಬೆಟ್ಟಯ್ಯನ ವಿಚಾರ ನಿನಗೊಂದು ಮಾತು ಹೇಳಬೇಕು. ಅವನು ಹೇಳಿದ್ದನ್ನು ಹೇಳಿದಂತೆ ಮಾಡುತ್ತಾನೆ, ಯಾಕೆ ಎಂದು ಕೇಳುವುದಿಲ್ಲ. ಶಾಲೆಯಲ್ಲಿ ಒಮ್ಮೆ, ನಾನು ಬರೋವರೆಗೂ ನಿಂತಿರು ಎಂದು ಹೇಳಿ ಮರೆತೆ. ಸಂಜೆ ಜವಾನ ಬಂದು ಹೇಳಿದ ಮೇಲೆ ಅವನು ಕೂತ. ಅವನಪ್ಪ ಚೌಡಪ್ಪ ತೆಂಗಿನಕಾಯಿ ಸುಲಿಯುವವನು, ಹೆಬ್ಬೆಟ್ಟಿನವನು. ಅವರ ಮನೆಯಲ್ಲಿ ತಿಂಗಳ ಸಂಬಳದ ನೌಕರಿ ಕಂಡವರು ಇನ್ನೂ ಯಾರೂ ಇಲ್ಲ. ವರ್ಷ ತುಂಬಿ ಸರ್ಟಿಫಿಕೇಟು ಕೈಗೆ ಬಂದರೆ ಖಾಯಂ ಮಾಡಿಕೊಳ್ಳುತ್ತಾರೆಂದು ನೀನೇ ಹೇಳಿದ್ದೀಯ. ಒಂದು ಕಡೆ ಹೆಣ್ಣು ಕೇಳಿಯೂ ಆಗಿದೆ. ಅವನ ನಡತೆಗೆ ನಾನು ಜವಾಬ್ದಾರಿ ಎಂದು ನಿಮ್ಮ ಕರಾರಿನ ಕಾಗದಕ್ಕೆ ರುಜು ಹಾಕಿದ್ದೇನೆ. ನನ್ನ ಹೆಸರು ನಿನ್ನ ಕೈಲಿದೆ, ಜೋಪಾನ.

ಜಯರಾಮಯ್ಯ

*

ತುಮಕೂರು
೫ ನವೆಂಬರ್ ೧೯೬೩

ಜಯರಾಮ,

ವಿಷಯ ಚೆನ್ನಾಗಿಲ್ಲ. ಹೋದ ಸೋಮವಾರದ ಹಿಂದಿನ ಸೋಮವಾರ ಚಿಕ್ಕಹನುಮಯ್ಯ ರಜೆಯ ಮೇಲಿದ್ದ. ದಿನವೂ ಮಿಷನ್ ನಿಲ್ಲಿಸುತ್ತಿದ್ದವನು ಅವನೇ, ಹುಡುಗರು ಆ ಹೊತ್ತಿಗೆ ಬಾಟ್ಲಿ ತೊಳೆಯುವ ಕಡೆ ಇರುತ್ತಿದ್ದರು. ಅವತ್ತು ಸಂಜೆ ಬೆಟ್ಟಯ್ಯ ನಿಲ್ಲಿಸಿದ. ನೀರನ್ನು ಮೊದಲು ಮುಚ್ಚಿ, ಗ್ಯಾಸನ್ನು ಆಮೇಲೆ ಮುಚ್ಚಲು ಹೋದ. ಕ್ರಮ ಅದಲ್ಲ. ಗ್ಯಾಸು ಮೊದಲು, ನೀರು ನಂತರ. ನೀರು ನಿಂತ ಮೇಲೂ ಗ್ಯಾಸು ನುಗ್ಗಿದರೆ ಸಾಲಿನಲ್ಲಿರುವ ಬಾಟ್ಲಿಗಳು ತಡೆಯುವುದಿಲ್ಲ. ಎಂಟು ಒಡೆದವು. ಹೊಂಬಾಳಮ್ಮನ ಬಲಗೈಗೆ ಗಾಜು ಹೊಕ್ಕಿತು. ಎರಡು ಬೆರಳು ಇನ್ನು ಮಡಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಮ್ಯಾನೇಜರು ನನ್ನಿಂದ ವರದಿ ಕೇಳಿದರು. ಅಪ್ರೆಂಟಿಸ್ ಕ್ರಮ ತಪ್ಪಿದ ಎಂದು ಬರೆದುಕೊಟ್ಟೆ. ಅವನ ಹೆಸರು ತೆಗೆದುಹಾಕಿದ್ದಾರೆ. ಪದ್ಯಗಳನ್ನು ಇನ್ನು ಮೇಲೆ ಗೋಡೆಯ ಮೇಲೇ ಬರೆಸಬೇಕೆಂದು ಅಪ್ಪಣೆಯಾಗಿ, ಬರೆಸಿದ್ದೂ ಆಯಿತು. ಹುಡುಗನನ್ನು ತುಂಬ ಬಯ್ಯಬೇಡ.

ಯೋಗನರಸಿಂಹ

*

ಗುಬ್ಬಿ
೧೪ ನವೆಂಬರ್ ೧೯೬೩

ಪ್ರಿಯ ಯೋಗ,

ನಿನ್ನ ಕಾಗದ ಓದಿ ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಮಾತು ನಂಬಿ ಸೇರಿಸಿಕೊಂಡೆ, ನಿನಗೇ ಹೀಗಾಯಿತು. ನೀನು ಬೇಡವೆಂದರೂ ಬಯ್ದೆ. ಶಾಲೆಯ ಜಗಲಿಗೆ ಅವನನ್ನೂ ಚೌಡಪ್ಪನನ್ನೂ ಕರೆಸಿದೆ. ಬೇರೆ ಮೇಷ್ಟ್ರುಗಳೂ ಇದ್ದರು. ಒಬ್ಬ ಹೆಂಗಸಿನ ಕೈ ಕಳೆದೆಯಲ್ಲ, ಇಷ್ಟು ದಿನ ಏನು ಕಲಿತೆ ಎಂದು ಕೇಳಿದೆ. "ಹಾಡ್ನಲ್ಲಿ ಇದ್ದಂಗೇ ಮಾಡ್ದೆ ಸಾ" ಎಂದ.

ಯೋಗ, ನನಗೆ ಕೋಪ ಬಂದದ್ದು ಆಗಲೇ. ತಪ್ಪು ಮಾಡಿ, ಕಲಿಸಿದ ಗುರುವಿನ ಮೇಲೆ ಹಾಕುತ್ತೀಯಾ ಎಂದು ಕೆನ್ನೆಗೆ ಹೊಡೆದೆ. ಹತ್ತೊಂಬತ್ತು ವರ್ಷದವನಿಗೆ, ಅವರಪ್ಪನ ಎದುರಿಗೆ. ಚೌಡಪ್ಪ ಟವಲ್ಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ತುಮಕೂರಿಗೆ ಹೋಗಿ ಆ ಹೆಂಗಸಿನ ಕಾಲು ಹಿಡಿದು ಬಾ ಎಂದು ಹೇಳಿದೆ. ನಿನ್ನೆ ಹೋಗಿ ಬಂದನಂತೆ. ಇನ್ನು ಯಾವ ಹುಡುಗನಿಗೆ ಶಿಫಾರಸು ಬರೆದರೂ ಜನ ನಗುತ್ತಾರೆ. ನಿನ್ನ ಕ್ಷಮೆ ಕೇಳುತ್ತೇನೆ.

ಜಯರಾಮ

*

ತುಮಕೂರು
೨೧ ನವೆಂಬರ್ ೧೯೬೩

ಪ್ರಿಯ ಜಯರಾಮ,

ಕ್ಷಮೆ ಗಿಮೆ ಎಲ್ಲ ಯಾಕಯ್ಯ, ನಮ್ಮ ನಮ್ಮಲ್ಲಿ. ಹೊಡೆಯಬಾರದಿತ್ತು. ಪಾಪ, ಹುಡುಗನಿಗೆ ಗಾಬರಿಯಲ್ಲಿ ಏನೋ ತೋಚಿರಬೇಕು, ಏನೋ ಹೇಳಿರಬೇಕು. ಅದನ್ನು ಮತ್ತೆ ಕೆದಕಬೇಡ.

ಬೇರೊಂದು ಸಮಾಚಾರ. ನನ್ನ ಈ ಚಿಲ್ಲರೆ ಪದ್ಯಗಳನ್ನೆಲ್ಲ ಕೂಡಿಸಿ ಒಂದು ಸಣ್ಣ ಪುಸ್ತಕ ಮಾಡುವ ಹುಚ್ಚು ಹತ್ತಿದೆ. ಅಚ್ಚಾದರೆ ಅದೃಷ್ಟ, ಆಗದಿದ್ದರೆ ಅಟ್ಟ. ಜೂನ್ ತಿಂಗಳಲ್ಲಿ ನಿನಗೆ ಬರೆದ ಕಾಗದದಲ್ಲಿ ಎರಡು ಪದ್ಯಗಳಿದ್ದವು. ನನ್ನ ಹತ್ತಿರ ಪ್ರತಿ ಇಲ್ಲ. ಆ ಕಾಗದವನ್ನೇ ಕಳಿಸಿಕೊಡು. ಎತ್ತಿ ಬರೆಯುವ ಶ್ರಮ ನಿನಗೆ ಬೇಡ.

ಯೋಗ

*

ಗುಬ್ಬಿ
೩ ಡಿಸೆಂಬರ್ ೧೯೬೩

ಪ್ರಿಯ ಯೋಗ,

ಕಾಗದ ಇದರ ಜೊತೆಗಿದೆ. ಕಟ್ಟು ಬಿಚ್ಚಿ ಹುಡುಕಿದವಳು ನಮ್ಮ ಮನೆಯವಳು. ನಾನು ನೋಡಲೂ ಇಲ್ಲ, ಹಾಗೇ ಲಕೋಟೆಗೆ ಹಾಕಿದೆ. ನಿನ್ನ ಪುಸ್ತಕಕ್ಕೆ ಮುನ್ನುಡಿ ಬರೆಯುವ ಹಕ್ಕು ನನ್ನದು, ಬೇರೆ ಯಾರಿಗೂ ಕೊಡಬೇಡ.

ಬೆಟ್ಟಯ್ಯ ಊರು ಬಿಟ್ಟ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಹುಲ್ಲು ಕೊಯ್ದು ಹಾಕುವ ಕೂಲಿ ಸಿಕ್ಕಿದೆಯಂತೆ. ಹೆಣ್ಣು ಕೊಡುತ್ತೇವೆಂದವರು ಮಾತು ತಿರುಗಿಸಿದರು. ಚೌಡಪ್ಪ ಶಾಲೆಯ ಮುಂದಿನ ದಾರಿ ಬಿಟ್ಟು ಕೆರೆಯ ಹಿಂದಿನಿಂದ ಓಡಾಡುತ್ತಾನೆ. ನಾನು ಎದುರಾದರೆ ಅವನಿಗೆ ಮುಜುಗರ, ನನಗೂ ಅಷ್ಟೇ. ತಪ್ಪು ಮಾಡಿದವರ ಕಡೆಯವರು ಹೀಗೆಯೇ ಬದುಕಬೇಕೇನೋ.

ಜಯರಾಮ

*

ಕುಣಿಗಲ್
೧೨ ಜನವರಿ ೧೯೬೪

ಪೂಜ್ಯ ಗುರುಗಳಾದ ಯೋಗನರಸಿಂಹಯ್ಯನವರಿಗೆ,

ಚೌಡಪ್ಪನ ಮಗ ಬೆಟ್ಟಯ್ಯ ಅಡ್ಡಬಿದ್ದು ಬರೆದುಕೊಳ್ಳುವುದು. ನಾನು ಇಲ್ಲಿ ಚೆನ್ನಾಗಿದ್ದೇನೆ. ತಮಗೆ ಮುಖ ತೋರಿಸಲು ನಾಚಿಕೆಯಾಗಿ ಇಷ್ಟು ದಿನ ಬರೆಯಲಿಲ್ಲ.

ಜಯರಾಮಯ್ಯ ಮೇಷ್ಟ್ರು ಹೇಳಿದರೆಂದು ಹೊಂಬಾಳಮ್ಮನವರ ಮನೆಗೆ ಹೋಗಿದ್ದೆ. ಅವರು ಬಯ್ದರು. ಬಯ್ಯಬೇಕಾದ್ದೇ. ಬರುವಾಗ ಕಾರ್ಖಾನೆಯ ಬಾಗಿಲಲ್ಲಿ ನಿಂತು ಒಳಗಿನ ಗೋಡೆ ನೋಡಿದೆ. ಪದ್ಯ ದೊಡ್ಡ ಅಕ್ಷರದಲ್ಲಿ ಬರೆದಿದೆ. ಅದರಲ್ಲಿ ಗ್ಯಾಸು ಮೊದಲು ಇದೆ, ನೀರು ಆಮೇಲೆ ಇದೆ. ನನ್ನ ತಲೆಯಲ್ಲಿ ಮಾತ್ರ ತಿರುಗಾಮುರುಗಾ ಆಗಿತ್ತು. ಐದು ತಿಂಗಳು ಬೆಳಿಗ್ಗೆ ಎದ್ದು ಹೇಳಿಕೊಂಡದ್ದು ತಪ್ಪೇ ಎಂದು ಈಗ ಗೊತ್ತಾಯಿತು. ಮೇಷ್ಟ್ರ ಹತ್ತಿರ ಹಾಡಿನ ಮೇಲೆ ಹೇಳಿಬಿಟ್ಟೆ. ಅದಕ್ಕೆ ತಾವು ಕ್ಷಮಿಸಬೇಕು.

ಕದರಯ್ಯನ ಪುಸ್ತಕ ನೋಡಿ ಬರೆದುಕೊಂಡಿದ್ದೆ. ಅವನು ತಪ್ಪು ಬರೆದಿದ್ದನೋ ಏನೋ. ಅವನನ್ನು ದಯವಿಟ್ಟು ಕೇಳಬೇಡಿ. ಅವನಿಗೂ ಕೆಲಸ ಹೋದರೆ ಕಷ್ಟ.

ಆವತ್ತಿನಿಂದ ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ಇಲ್ಲಿ ಇಷ್ಟು ಹೊರೆ ಹುಲ್ಲು ಹಾಕು ಎಂದು ಹೇಳಿದರೂ ಎರಡು ಸಲ ಕೇಳುತ್ತೇನೆ. ಎಲ್ಲರೂ ನಗುತ್ತಾರೆ. ನನ್ನದೊಂದು ಬೇಡಿಕೆ. ಸರ್ಟಿಫಿಕೇಟು ಕೊಡುವುದು ಬೇಡ. ಯಾರಾದರೂ ವಿಚಾರಿಸಿ ಬರೆದರೆ, ಬುದ್ಧಿ ಸ್ವಾಧೀನ ಇಲ್ಲದವನು ಎಂದು ಮಾತ್ರ ಬರೆಯಬೇಡಿ. ಗಮನ ಕಡಿಮೆ ಎಂದು ಬರೆಯಿರಿ.

ತಮ್ಮ ವಿಧೇಯ,
ಬೆಟ್ಟಯ್ಯ

*

ತುಮಕೂರು
೧೯ ಜನವರಿ ೧೯೬೪

ಜಯರಾಮ,

ಇದರೊಳಗೆ ಎರಡು ಕಾಗದಗಳಿವೆ. ಒಂದು ಬೆಟ್ಟಯ್ಯನದು. ಇನ್ನೊಂದು, ಜೂನ್ ತಿಂಗಳಲ್ಲಿ ನಾನು ನಿನಗೆ ಬರೆದದ್ದು. ಮೊದಲು ಅದನ್ನು ಓದು, ಎರಡನೆಯ ಪದ್ಯವನ್ನು ನಿಧಾನವಾಗಿ ಓದು. ಆಮೇಲೆ ಇದನ್ನು ಓದು.

ಹುಡುಗ ಪದ್ಯದಲ್ಲಿದ್ದಂತೆ ಮಾಡಿದ. ಪದ್ಯ ತಪ್ಪಾಗಿತ್ತು. ಸರಿಯಾದ ಕ್ರಮ ನನಗೆ ಗೊತ್ತಿತ್ತು. ನಿಲ್ಲಲಿ ಎಂದ ಮೇಲೆ ನಲ್ಲಿ ಬಂತು, ಬಂದದ್ದನ್ನು ಬಿಡಲು ಮನಸ್ಸಾಗಲಿಲ್ಲ. ಹೇಗೂ ಕೈಯಲ್ಲಿ ತೋರಿಸುತ್ತೇನಲ್ಲ ಎಂದುಕೊಂಡೆ. ತೋರಿಸಿದೆ ಕೂಡ, ಬಾಯಿ ಒಂದು ಹೇಳಿತು, ಕೈ ಇನ್ನೊಂದು ಮಾಡಿತು. ನಾಲ್ವರು ಕೈ ನೋಡಿ ಕಲಿತರು. ಆ ದಿನ ಇಲ್ಲದಿದ್ದ ಒಬ್ಬನಿಗೆ ಪದ್ಯ ಮಾತ್ರ ಸಿಕ್ಕಿತು. ಅವನನ್ನು ಮಿಷನ್ ಮುಂದೆ ನಿಲ್ಲಿಸಿ ಮತ್ತೊಮ್ಮೆ ತೋರಿಸಬೇಕಿತ್ತು. ಅಷ್ಟು ಚೆನ್ನಾಗಿ ಒಪ್ಪಿಸಿದನಲ್ಲ ಎಂದು ಬೆನ್ನು ತಟ್ಟಿ ಕಳಿಸಿದೆ.

ಬಾಟ್ಲಿ ಒಡೆದ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಹೊಂಬಾಳಮ್ಮನ ಕೈಗೆ ಬಟ್ಟೆ ಸುತ್ತುವಾಗ ಗೊತ್ತಿತ್ತು. ವರದಿ ಬರೆಯುವಾಗ ಗೊತ್ತಿತ್ತು. ಗೋಡೆ ಬರೆಯುವವನಿಗೆ ಸಾಲು ತಿದ್ದಿ ಕೊಟ್ಟವನು ನಾನೇ. ಕದರಯ್ಯ ಅದನ್ನು ನೋಡಿ, "ಮುಂಚೆ ಹಿಂಗಿರ್ಲಿಲ್ವಲ್ಲ ಸಾ?" ಎಂದ. ನಾನು ಅವನ ಮುಖವನ್ನೇ ನೋಡಿದೆ. ಅವನು ಬಾಟ್ಲಿ ತೊಳೆಯಲು ಹೋದ. ಪುಸ್ತಕ ಗಿಸ್ತಕ ಏನೂ ಇಲ್ಲ ಜಯರಾಮ. ಆ ಕಾಗದ ನಿನ್ನ ಹತ್ತಿರ ಇರಬಾರದೆಂದು ತರಿಸಿಕೊಂಡೆ. ಒಲೆಯ ಮುಂದೆ ಎರಡು ಸಲ ಕೂತು ಎದ್ದೆ.

ಬೆಟ್ಟಯ್ಯನ ಕಾಗದ ಬಂದ ಮೇಲೆ ಮ್ಯಾನೇಜರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಫೈಲು ಬೆಂಗಳೂರಿಗೆ ಹೋಗಿ ಮುಗೀತಲ್ಲ ಸ್ವಾಮಿ. ಈಗ ಯಾಕೆ ಅಗೀತೀರಿ?" ಎಂದರು. ಹೊರಗೆ ಬಂದಾಗ ನನಗೆ ಏನನ್ನಿಸಿತು ಎಂಬುದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಹಗುರವಾಯಿತು. ಹೇಳಿದ್ದೂ ಆಯಿತು, ಏನೂ ಆಗಲೂ ಇಲ್ಲ ಎಂದು ಮೈ ಹಗುರವಾಯಿತು. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ. ಉಂಡೆದ್ದ ಮೇಲೆ ಆ ಹುಡುಗನ ಕಾಗದ ಮತ್ತೆ ಕಣ್ಣಿಗೆ ಬಿತ್ತು.

ಈಗ ಏನು ಮಾಡಲಿ, ಹೇಳು.

ಯೋಗನರಸಿಂಹ

*

ಗುಬ್ಬಿ
೨೪ ಜನವರಿ ೧೯೬೪

ಯೋಗನರಸಿಂಹಯ್ಯನವರಿಗೆ,

ನಾನು ಅವನಿಗೆ ಹೊಡೆದೆ ಎಂದು ಬರೆದಿದ್ದೆ. ಅದನ್ನು ಓದಿದ ಮೇಲೂ ನೀವು ಪುಸ್ತಕ ಅಚ್ಚು ಹಾಕಿಸುವ ಮಾತು ಬರೆದಿರಿ. ಏನು ಮಾಡಲಿ ಎಂದು ನನ್ನನ್ನು ಕೇಳಬೇಡಿ.

ನಾನು ಮಾಡಿದ್ದನ್ನು ಹೇಳುತ್ತೇನೆ. ಜೂನ್ ತಿಂಗಳ ಕಾಗದ ಹಿಡಿದು ಚೌಡಪ್ಪನ ಮನೆಗೆ ಹೋದೆ. ಅವನ ಹೆಂಡತಿ ರಂಗಮ್ಮ ನನ್ನನ್ನು ನೋಡಿ ಒಳಗೆ ಹೋದಳು. ಚೌಡಪ್ಪ ಕಾಯಿ ಸುಲಿಯುತ್ತಿದ್ದ. ಅಂಗಳದಲ್ಲೇ ನಿಂತು ಪದ್ಯ ಓದಿದೆ, ಎರಡು ಸಲ. ಹೊಡೆದದ್ದು ತಪ್ಪಾಯಿತಪ್ಪ ಎಂದೆ. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಹಂಗಾರೆ ನನ್ ಮಗ ಸರಿಯಾಗೇ ಕಲ್ತಿದ್ನಾ ಸಾ?" ಎಂದ.

ಹೌದು ಎಂದೆ.

"ನಂಗೇಳಿ ಏನ್ ಬಂತು. ಅಲ್ಲೇಳ್ಲಿ, ಅವನ ಜೊತ್ಗೆ ಗೇಯ್ತಿದ್ದೋರ ಮುಂದೆ" ಎಂದವನು ಮತ್ತೆ ಕಾಯಿಗೆ ಕೈ ಹಾಕಿದ. ಕೂತುಕೊಳ್ಳಿ ಎನ್ನಲಿಲ್ಲ.

ಜಯರಾಮಯ್ಯ

*

ತುಮಕೂರು
೧೬ ಫೆಬ್ರವರಿ ೧೯೬೪

ಬೆಟ್ಟಯ್ಯನಿಗೆ,

ನಿನ್ನ ನೆನಪಿನಲ್ಲಿ ದೋಷವಿಲ್ಲ. ನೀರು ಮೊದಲು, ಗ್ಯಾಸು ಆಮೇಲೆ ಎಂದು ಕಲಿಸಿದವನು ನಾನು. ಕದರಯ್ಯ ಸರಿಯಾಗಿ ಬರೆದುಕೊಂಡಿದ್ದ, ನೀನು ಸರಿಯಾಗಿ ನೋಡಿ ಬರೆದೆ. ತಪ್ಪು ನಾನು ಕಟ್ಟಿದ ಪದ್ಯದಲ್ಲಿತ್ತು. ಅಪಘಾತವಾದ ಮೇಲೆ ಅದನ್ನು ತಿದ್ದಿ ಗೋಡೆಗೆ ಬರೆಸಿ, ನಿನ್ನ ಹೆಸರನ್ನು ವರದಿಗೆ ಬರೆದೆ. ಇದನ್ನು ಮೂರು ತಿಂಗಳು ಮುಚ್ಚಿಟ್ಟೆ.

ಈ ತಿಂಗಳು ಮೂರನೇ ತಾರೀಖು ಬೆಳಿಗ್ಗೆ, ಮಿಷನ್ ಶುರುವಾಗುವ ಮುಂಚೆ, ಎಲ್ಲರನ್ನೂ ಗೋಡೆಯ ಮುಂದೆ ಸೇರಿಸಿ ಇಷ್ಟನ್ನೂ ಹೇಳಿದೆ. ಹೊಂಬಾಳಮ್ಮನನ್ನು ಮನೆಯಿಂದ ಕರೆಸಿದ್ದೆ. ಕದರಯ್ಯ ತನ್ನ ಪುಸ್ತಕ ತಂದು ಹಳೆಯ ಪದ್ಯ ಓದಿದ. ಮೇಸ್ತ್ರಿ ಚಿಕ್ಕಹನುಮಯ್ಯ, ಇದನ್ನ ಆವತ್ತೇ ಅನ್ನಕ್ಕೆ ಏನಾಗಿತ್ತು ಎಂದ. ಹೊಂಬಾಳಮ್ಮ ಎಲ್ಲರಿಗಿಂತ ಕೊನೆಗೆ ಮಾತಾಡಿದಳು. "ಕೈ ಹೋಯ್ತು ಬುಡಿ. ಕಾಲಿಗೆ ಬಿದ್ದ ಮಗಿಗೆ, ನಿನ್ನ ಹೆತ್ತೋಳ ಹೊಟ್ಟೆ ಉರೀಲಿ ಅಂದ್ಬುಟ್ಟೆ. ಅದನ್ನ ಎಂಗ್ ವಾಪಸ್ ತಗಳ್ಳಿ, ನೀವೇ ಹೇಳಿ" ಎಂದಳು.

ಬೆಂಗಳೂರಿನ ಅಪ್ರೆಂಟಿಸ್ ಕಚೇರಿಗೆ ನಾನೇ ರಿಜಿಸ್ಟರ್ ಕಾಗದ ಬರೆದೆ. ಅಲ್ಲಿಂದ ಉತ್ತರ ಬಂದಿದೆ. ನಿನ್ನ ಹೆಸರನ್ನು ಮತ್ತೆ ಸೇರಿಸಬೇಕೆಂದು ಅಪ್ಪಣೆಯಾಗಿದೆ. ಉಳಿದ ತಿಂಗಳುಗಳನ್ನು ಮುಗಿಸಿದರೆ ಸರ್ಟಿಫಿಕೇಟು ಸಿಗುತ್ತದೆ. ಮಾರ್ಚ್ ಎರಡನೇ ತಾರೀಖು ಸೋಮವಾರ ಬಾ. ನನ್ನನ್ನು ಕಲಿಸುವ ಕೆಲಸದಿಂದ ತೆಗೆದು ಸ್ಟೋರಿಗೆ ಕಳಿಸಿದ್ದಾರೆ. ಚಿಕ್ಕಹನುಮಯ್ಯ ಕಲಿಸುತ್ತಾನೆ. ಗೋಡೆಗೆ ಸುಣ್ಣ ಹೊಡೆದಿದ್ದಾರೆ.

ಇದನ್ನೆಲ್ಲ ಎದುರಿಗೇ ಹೇಳಬೇಕೆಂದು ಹೋದ ಭಾನುವಾರ ಬಸ್ಸು ಹತ್ತಿ ಕುಣಿಗಲ್ಲಿಗೆ ಬಂದಿದ್ದೆ. ಕೆರೆಯ ಏರಿಯ ಹತ್ತಿರ ನೀನು ಗಾಡಿಗೆ ಹುಲ್ಲು ಹೇರುತ್ತಿದ್ದೆ. ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು ಮುಂದಿನ ಬಸ್ಸಿಗೆ ವಾಪಸ್ ಬಂದುಬಿಟ್ಟೆ. ಕಾರ್ಖಾನೆಯವರ ಮುಂದೆ ಬಂದ ಬಾಯಿ ನಿನ್ನ ಮುಂದೆ ಬರಲಿಲ್ಲ.

ನಿನ್ನಿಂದ ನಾನು ಏನನ್ನೂ ಕೇಳುವಂತಿಲ್ಲ.

ಯೋಗನರಸಿಂಹಯ್ಯ

*

ಗುಬ್ಬಿ
೨೭ ಫೆಬ್ರವರಿ ೧೯೬೪

ಯೋಗನರಸಿಂಹಯ್ಯನವರಿಗೆ ಬೆಟ್ಟಯ್ಯನ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ಎರಡನೇ ತಾರೀಖು ಮೊದಲ ರೈಲಿಗೆ ಬರುತ್ತೇನೆ. ಹೊಂಬಾಳಮ್ಮನವರಿಗೆ ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಹೇಳಿರಿ. ನಾನೂ ಬಂದು ಹೇಳುತ್ತೇನೆ.

ಆ ಭಾನುವಾರ ನಾನು ತಮ್ಮನ್ನು ನೋಡಿದೆ. ಹುಣಸೆಮರದ ಕೆಳಗೆ ಛತ್ರಿ ಹಿಡಿದು ನಿಂತಿದ್ದಿರಿ. ಬಯ್ಯಲು ಬಂದಿದ್ದೀರಿ ಎಂದುಕೊಂಡೆ. ಕುಣಿಗಲ್ಲಿನವರಿಗೂ ಎಲ್ಲ ಗೊತ್ತಾಗುತ್ತದಲ್ಲ ಎಂದು ಹೆದರಿ, ತಾವು ಹೋಗುವವರೆಗೂ ಗಾಡಿಯ ಆ ಕಡೆ ಕೂತಿದ್ದೆ. ತಾವು ಆಗಲೇ ಕರೆದಿದ್ದರೆ ಚೆನ್ನಾಗಿತ್ತು. ಕಾಗದ ಬರುವವರೆಗೆ ಒಂಬತ್ತು ದಿನ ನಾನು ಆ ಹೆದರಿಕೆಯಲ್ಲೇ ಇದ್ದೆ.

ನಿನ್ನೆ ಊರಿಗೆ ಬಂದು ತಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಅದನ್ನು ಕೈಯಿಂದ ಬಿಡಲಿಲ್ಲ. ಅವರಿಗೆ ಓದಲು ಬರುವುದಿಲ್ಲ. ಅದಕ್ಕೇ ಮನೆಯ ಮುಂದೆ ಅಕ್ಷರ ಬಲ್ಲವರು ಯಾರು ಹೋದರೂ ಕೂರಿಸಿ ಓದಿಸುತ್ತಾರೆ. ಬೆಳಗ್ಗೆ ಪೋಸ್ಟ್‌ಮ್ಯಾನ್ ಓದಿದ. ಆಮೇಲೆ ಕಾಯಿ ಮಂಡಿಯವರು ಓದಿದರು. ಹೆಣ್ಣು ಕೊಡುವುದಿಲ್ಲ ಎಂದ ಮನೆಯವರ ಊರಿಗೆ ಸಂತೆಯ ದಿನ ಅಪ್ಪನೇ ಹೋಗಿ, ಅಲ್ಲಿಯ ಮೇಷ್ಟ್ರ ಕೈಲಿ ಗಟ್ಟಿಯಾಗಿ ಓದಿಸುತ್ತಾರಂತೆ. ಕಾಗದದ ಕೊನೆಗೆ ತಮ್ಮ ಹೆಸರು ಬರುವ ಕಡೆ ಇನ್ನೊಂದು ಸಲ ಓದಿ ಎನ್ನುತ್ತಾರೆ.

ಸಾಕು ಎಂದು ಅಮ್ಮ ಹೇಳಿದರು. ನಾನು ಹೇಳಿಲ್ಲ.

ಬೆಟ್ಟಯ್ಯ